ಅವ್ವನ ಅಳತೆಯ ದಾರ

ನಮ್ಮ ಹೊಸ ಅಡುಗೆ ಕಟ್ಟೆಯಲ್ಲಿ ಏನೋ ತಪ್ಪಾಗಿದೆ ಎಂದು ನನಗೆ ಮೊದಲು ತೋರಿಸಿಕೊಟ್ಟದ್ದು ಅವ್ವನ ಬಲ ಮೊಣಕೈ. ಅದರ ಹೊರಬದಿಯಲ್ಲಿ ಹುಣಸೆ ಬೀಜದಷ್ಟು ಅಗಲಕ್ಕೆ ಚರ್ಮ ಸುಟ್ಟು ಕೆಂಪಾಗಿತ್ತು. ಮದುವೆಯಾಗಿ ಬಂದಾಗಿನಿಂದ ನೆಲದ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳು ಅವಳು. ಬೆರಳ ತುದಿ ಸುಟ್ಟುಕೊಂಡದ್ದನ್ನು ನೋಡಿದ್ದೆ, ಅಂಗೈ ಸುಟ್ಟುಕೊಂಡದ್ದನ್ನೂ ನೋಡಿದ್ದೆ. ಮೊಣಕೈ ಹೇಗೆ ಸುಡುತ್ತದೆ ಎಂಬುದು ಮಾತ್ರ ತಿಳಿಯಲಿಲ್ಲ.

"ಹಂಚು ತಾಕ್ತು," ಎಂದಳು.

"ಮೊಣಕೈಗೆ ಹೆಂಗ ತಾಕ್ತೈತಿ?"

"ತಾಕ್ತು ಅಂದ್ನಲ್ಲ. ಸುಮ್ನ ಊಟ ಮಾಡು."

ನಾನು ಊಟ ಮಾಡಿದೆ, ಆಮೇಲೆ ಡೈರಿಯಲ್ಲಿ ಅದನ್ನೂ ಬರೆದುಕೊಂಡೆ. ಆಗ ಕೊಟ್ಟೂರಿನ ಒಂದು ಶೇಂಗಾ ಅಂಗಡಿಯಲ್ಲಿ ತೂಕ ಬರೆಯುವ ಕೆಲಸ ನನ್ನದು. ದಿನವಿಡೀ ಚೀಲಗಳ ಲೆಕ್ಕ ಬರೆದ ಕೈ ಮನೆಗೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ. ಮಳೆ ಬಂದದ್ದು, ಹೊಸ ಸಿಲಿಂಡರ್ ಹಚ್ಚಿದ್ದು, ಎಮ್ಮೆ ಈದದ್ದು, ಯಾರು ಬಂದರು, ಯಾರು ಹೋದರು, ಎಲ್ಲವನ್ನೂ ತಾರೀಖು ಹಾಕಿ ಬರೆಯುತ್ತಿದ್ದೆ. ಅಪ್ಪ ಇದನ್ನು ನನ್ನ ಶಾನಭೋಗಿಕೆ ಎಂದು ನಗೆಯಾಡುತ್ತಿದ್ದ. 1999ರ ಡೈರಿಯಲ್ಲಿ ಕಟ್ಟೆಯ ವಿಷಯ ಯುಗಾದಿಯ ಹೊತ್ತಿಗೆ ಶುರುವಾಗಿ ನಾಗರ ಪಂಚಮಿಗೆ ಮುಗಿಯುತ್ತದೆ. ಆ ಪುಟಗಳನ್ನು ಈಗ ತೆರೆದರೂ ನನಗೆ ಸಿಟ್ಟು ಬರುತ್ತದೆ. ಅದು ಯಾರ ಮೇಲೆ ಎಂಬುದಷ್ಟೇ ಒಂದೊಂದು ಸಲ ಒಂದೊಂದು ಥರ.

ಕಟ್ಟೆ ಮಾಡಿಸಿದ್ದು ಅವ್ವನ ಮೊಣಕಾಲಿಗಾಗಿ. ಆ ವರ್ಷ ಅವಳಿಗೆ ಕೂತರೆ ಏಳಲು ಆಗುತ್ತಿರಲಿಲ್ಲ. ರೊಟ್ಟಿ ಮುಗಿದ ಮೇಲೆ ಗೋಡೆಗೆ ಎರಡೂ ಕೈ ಊರಿ, ಹಲ್ಲು ಕಚ್ಚಿ ಏಳುತ್ತಿದ್ದಳು. ಆ ಜಾಗದಲ್ಲಿ ಸುಣ್ಣದ ಗೋಡೆಯ ಮೇಲೆ ಅವಳ ಅಂಗೈಗಳ ಕಪ್ಪು ಗುರುತು ಬಿದ್ದಿತ್ತು. ಡಾಕ್ಟರು ನೆಲದ ಮೇಲೆ ಕೂರುವುದನ್ನೇ ಬಿಡಿ ಎಂದಿದ್ದರು. ನಿಂತು ಅಡುಗೆ ಮಾಡುವ ಕಟ್ಟೆ ಆಗಲೇಬೇಕು ಎಂದು ಹಟ ಹಿಡಿದವನು ನಾನು.

"ನಿಂತು ರೊಟ್ಟಿ ಬಡಿಯಾಕ ನಾನೇನು ಖಾನಾವಳಿ ಇಟ್ಟೀನೇನು?" ಎಂದು ಅವ್ವ ಮೊದಲು ಒಪ್ಪಲಿಲ್ಲ. ಆದರೆ ಕಟ್ಟೆಯನ್ನು ತನ್ನ ತಮ್ಮನೇ ಮಾಡಿಕೊಡುತ್ತಾನೆ ಎಂದಾಗ ಅವಳ ಮುಖ ಅರಳಿತು.

ಅವ್ವನ ತಮ್ಮ, ನನ್ನ ಮಾವ, ಹರಪನಹಳ್ಳಿಯಲ್ಲಿ ಕಲ್ಲಿನ ಅಂಗಡಿ ಇಟ್ಟಿದ್ದ. ಕಡಪ ಕಲ್ಲು, ಗ್ರಾನೈಟ್ ತರಿಸಿ ಮನೆಮನೆಗೆ ತಾನೇ ಹೋಗಿ ಕೂಡಿಸಿಕೊಡುತ್ತಿದ್ದ. ಅವರ ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವ್ವನೇ. ಮಾವನ ಹೆಂಡತಿಯೂ ಬದುಕಿರಲಿಲ್ಲ. ಅವನಿಗೆ ಒಬ್ಬಳೇ ಮಗಳು. ಅವಳನ್ನು ನನಗೆ ತಂದುಕೊಳ್ಳುವ ಮಾತು ನಾವು ಚಿಕ್ಕವರಿದ್ದಾಗಿನಿಂದ ಎರಡೂ ಮನೆಗಳಲ್ಲಿತ್ತು. ಸೋದರಿಕೆಯಲ್ಲಿ ಅದು ನಮ್ಮ ಕಡೆ ಯಾರಿಗೂ ವಿಶೇಷವಲ್ಲ. ನನಗೆ ಆ ಹುಡುಗಿಯ ಮೇಲೆ ಬೇಸರವೇನೂ ಇರಲಿಲ್ಲ. ಬೇಸಿಗೆ ರಜೆಗಳನ್ನೆಲ್ಲ ಒಟ್ಟಿಗೆ ಕಳೆದು ಅವಳು ನನಗೆ ತಂಗಿಯಂತೆಯೇ ಆಗಿಬಿಟ್ಟಿದ್ದಳು. ಹಾಗೆಂದು ಎರಡು ವರ್ಷ ಮೊದಲೇ ಅವ್ವನಿಗೆ ಸ್ಪಷ್ಟವಾಗಿ ಹೇಳಿದ್ದೆ. ಅವ್ವ, "ಆತು ಬಿಡು, ತಮ್ಮಗ ನಾ ಹೇಳ್ತೀನಿ," ಎಂದಿದ್ದಳು. ಅಲ್ಲಿಗೆ ಆ ಮಾತು ಮುಗಿಯಿತೆಂದು ನಾನು ತಿಳಿದಿದ್ದೆ.

ಮಾವನ ಕೆಲಸದಲ್ಲಿ ಬೇರೆಯವರಲ್ಲಿಲ್ಲದ ಎರಡು ಸಂಗತಿಗಳಿದ್ದವು. ನುಣ್ಣಗಿನ ಗ್ರಾನೈಟ್ ಮೇಲೆ ಜೋಳದ ರೊಟ್ಟಿ ಬಡಿಯಲು ಬರುವುದಿಲ್ಲ. ಹಿಟ್ಟು ಜಾರುತ್ತದೆ, ರೊಟ್ಟಿ ತಿರುಗುವುದಿಲ್ಲ. ಅದಕ್ಕೆ ಅವನು ಒಲೆಯ ಪಕ್ಕದಲ್ಲಿ ಪಾಲಿಶ್ ಮಾಡದ ಕಡಪ ಕಲ್ಲಿನ ಒಂದು ಚೌಕವನ್ನು ಕಟ್ಟೆಗೆ ಸಮನಾಗಿ ಕೂಡಿಸುತ್ತಿದ್ದ. ಅದಕ್ಕೆ ರೊಟ್ಟಿ ಕಲ್ಲು ಎಂದೇ ಹೆಸರಾಗಿತ್ತು. ಮೊದಲು ತನ್ನ ಮನೆಯಲ್ಲಿ ಮಗಳಿಗಾಗಿ ಮಾಡಿದ್ದಂತೆ, ಆಮೇಲೆ ಕೂಡ್ಲಿಗಿ, ಹಡಗಲಿಗಳಿಂದಲೂ ಜನ ಕೇಳಿಕೊಂಡು ಬರತೊಡಗಿದರು. ಎರಡನೆಯದು, ಅವನು ಕಟ್ಟೆಯ ಎತ್ತರವನ್ನು ಟೇಪಿನಿಂದ ಅಳೆಯುತ್ತಿರಲಿಲ್ಲ. ಅಡುಗೆ ಮಾಡುವ ಹೆಂಗಸನ್ನು ನಿಲ್ಲಿಸಿ, ರೊಟ್ಟಿ ಬಡಿಯುವಂತೆ ಕೈ ಚಾಚಲು ಹೇಳಿ, ಅಂಗೈಯಿಂದ ನೆಲಕ್ಕೆ ಒಂದು ದಾರ ಇಳಿಬಿಟ್ಟು ಗಂಟು ಹಾಕುತ್ತಿದ್ದ. ಆ ಗಂಟೇ ಕಟ್ಟೆಯ ಎತ್ತರ.

ಯುಗಾದಿ ಮುಗಿದ ವಾರ ಅವನು ಅಳತೆಗೆಂದು ಬಂದ. ಅವ್ವ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಹಾಗೆಯೇ ಬಂದು ನಿಂತಳು.

"ರೊಟ್ಟಿ ಬಡಿದಂಗ ಕೈ ಮಾಡಕ್ಕ."

"ಹಿಟ್ಟಿಲ್ಲದ ಹೆಂಗ ಬಡೀಲಿ?"

"ನನ್ನ ತಲಿ ಐತಿ ಅಂತ ತಿಳಕೊ."

"ಸಣ್ಣಾಂವ ಇದ್ದಾಗ ಬಡಿದದ್ದು ಸಾಲಿಲ್ಲೇನಲೇ ನಿನಗ?"

ಎಲ್ಲರೂ ನಕ್ಕೆವು. ನಾನು ಅಂಗಡಿಯಿಂದ ತಂದಿದ್ದ ಟೇಪನ್ನು ಕೊಡಲು ಹೋದರೆ ಮಾವ ಅದನ್ನು ಮುಟ್ಟಲೂ ಇಲ್ಲ. "ನಿನ್ನ ಟೇಪಿಗೆ ಇಂಚು ಗೊತ್ತೈತಿ ಅಳಿಯಾ, ನಮ್ಮಕ್ಕ ಗೊತ್ತಿಲ್ಲ," ಎಂದ. ಬಿಳಿ ದಾರದ ಒಂದು ತುದಿಯನ್ನು ಅವ್ವನ ಅಂಗೈಗೆ ಕೊಟ್ಟು, ಇನ್ನೊಂದನ್ನು ನೆಲಕ್ಕೆ ಹಿಡಿದು, ಬಗ್ಗಿ ನೋಡಿ ಗಂಟು ಬಿಗಿದ. ಅವ್ವನ ಕೈಯಲ್ಲಿದ್ದ ಅರಿಶಿಣ ಆ ತುದಿಗೆ ಹತ್ತಿ ದಾರ ಅಲ್ಲಿ ಹಳದಿಯಾಯಿತು. ಮಾವ ಅದನ್ನು ಸುತ್ತಿ ತನ್ನ ಎಲೆಅಡಿಕೆಯ ಚಂಚಿಯೊಳಗೆ ಇಟ್ಟುಕೊಂಡ.

"ಒಲಿ ಎಡಕ್ಕ, ರೊಟ್ಟಿ ಕಲ್ಲು ಬಲಕ್ಕ," ಎಂದಳು ಅವ್ವ. "ನಾ ಬಡಿದು ಎಡಕ್ಕ ಹಂಚಿಗೆ ಹಾಕಾಕಿ."

"ನಿನ್ನ ಕೈ ನನಗ ಗೊತ್ತಿಲ್ಲೇನಕ್ಕ?" ಎಂದ ಮಾವ.

ಅಷ್ಟರಲ್ಲಿ ಹಡಗಲಿಯಲ್ಲಿದ್ದ ನನ್ನ ಅಕ್ಕನಿಗೆ ಹೆರಿಗೆಯಾಯಿತು. ಅವ್ವ ಬಾಣಂತನಕ್ಕೆ ಹೋದಳು. ಅವ್ವ ಊರಲ್ಲಿಲ್ಲದಾಗಲೇ ಧೂಳಿನ ಕೆಲಸ ಮುಗಿಸಿಬಿಡೋಣ ಎಂದು ಮಾವ ಗಾರೆ ಕೆಲಸದ ಇಬ್ಬರು ಗೌಂಡಿಗಳನ್ನು ಕರೆತಂದ. ಹಳೆಯ ಒಲೆ ಕಿತ್ತರು. ನಾನು ಹಗಲೆಲ್ಲ ಅಂಗಡಿಯಲ್ಲಿರುತ್ತಿದ್ದೆ, ಮನೆಯಲ್ಲಿ ನೋಡಿಕೊಳ್ಳುತ್ತಿದ್ದವನು ಅಪ್ಪ. ಕೆಲಸ ಮುಗಿದ ಸಂಜೆ ಬಂದು ನೋಡಿದರೆ ಕಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂಚನ್ನು ಬೆರಳಿಗೆ ಒತ್ತದಂತೆ ದುಂಡಗೆ ಉಜ್ಜಿದ್ದರು. ಎರಡು ಕಲ್ಲು ಕೂಡುವಲ್ಲಿ ಉಗುರು ಆಡಿಸಿದರೂ ಸಿಗುತ್ತಿರಲಿಲ್ಲ. ಒಂದು ಚೊಂಬು ನೀರು ಸುರಿದು ನೋಡಿದೆ, ಒಂದು ಹನಿಯೂ ನಿಲ್ಲದೆ ಬಚ್ಚಲ ಕಡೆಗೆ ಹರಿದುಹೋಯಿತು. ಆ ದಿನ ನಾನು ಬರೆದುಕೊಂಡದ್ದು ಒಂದೇ ಸಾಲು: ಕಟ್ಟೆ ಆಯಿತು, ಕೆಲಸ ಬಹಳ ಚೊಕ್ಕ.

ಅವ್ವ ಹಡಗಲಿಯಿಂದ ಬಂದವಳೇ ಕೈಕಾಲು ತೊಳೆದು ಒಳಗೆ ಹೋದಳು. ನಾನು ಅವಳ ಹಿಂದೆಯೇ ನಿಂತಿದ್ದೆ, ಮೆಚ್ಚುತ್ತಾಳೆ ಎಂಬ ಆಸೆಯಿಂದ. ಅವಳು ಎರಡೂ ಅಂಗೈಗಳನ್ನು ಕಲ್ಲಿನ ಮೇಲಿಟ್ಟಳು. ಭುಜಗಳು ಕಿವಿಯ ಹತ್ತಿರಕ್ಕೆ ಎದ್ದವು. ಕೈ ತೆಗೆದು ರೊಟ್ಟಿ ಕಲ್ಲನ್ನು ನೋಡಿದಳು, ಒಲೆಯ ಜಾಗವನ್ನು ನೋಡಿದಳು, ತಿರುಗಿ ಮತ್ತೆ ಕಲ್ಲನ್ನು ನೋಡಿದಳು.

"ಚೊಲೊ ಆಗೈತಿ," ಎಂದಳು. ಅಷ್ಟೇ. ಬಸ್ಸಿನ ದಣಿವು ಇರಬೇಕೆಂದುಕೊಂಡೆ.

ಮೊಣಕೈ ಸುಟ್ಟದ್ದು ಆ ವಾರದಲ್ಲೇ. ಮರುದಿನ ನಾನು ಅಂಗಡಿಗೆ ತಡವಾಗಿ ಹೋಗುವೆನೆಂದು ಹೇಳಿ ಅಡುಗೆಮನೆಯ ಬಾಗಿಲಲ್ಲಿ ಕೂತು ಅವಳು ರೊಟ್ಟಿ ಮಾಡುವುದನ್ನು ಕೊನೆಯವರೆಗೂ ನೋಡಿದೆ. ಕಟ್ಟೆ ಅವಳಿಗೆ ನಾಲ್ಕು ಬೆರಳು ಎತ್ತರವಾಗಿತ್ತು. ಮೈಭಾರ ಬಿಟ್ಟು ಬಡಿಯಲು ಆಗದೆ ಹಿಮ್ಮಡಿ ಎತ್ತಿ ತುದಿಗಾಲ ಮೇಲೆ ನಿಲ್ಲುತ್ತಿದ್ದಳು. ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು. ಅದೂ ಅಲ್ಲದೆ ರೊಟ್ಟಿ ಕಲ್ಲು ಇದ್ದದ್ದು ಒಲೆಯ ಎಡಕ್ಕೆ. ಬಲಗೈ ಎತ್ತಿ ಎತ್ತಿ ಬಡಿಯುವಾಗ ಅವಳ ಮೊಣಕೈ ಪಕ್ಕದ ಕಾದ ಹಂಚಿನ ಅಂಚಿಗೆ ಹೋಗುತ್ತಿತ್ತು. ಸುಟ್ಟದ್ದು ಹೀಗೆ.

"ಅವ್ವಾ, ನೀ ಬಲಕ್ಕ ಅಂದಿದ್ದಿ."

"ಅಂದಿದ್ದೆ."

"ಮತ್ತ ಯಾಕ ಸುಮ್ಮಿದ್ದಿ?"

"ಕಲ್ಲು ಕೂತುಬಿಟ್ಟೈತಲ್ಲ. ಇನ್ನೇನು ಮಾಡಾದು."

ನಾನು ಬೂತಿನಿಂದ ಹರಪನಹಳ್ಳಿಗೆ ಫೋನ್ ಮಾಡಿದೆ. ಮುಂದಿನ ಸೋಮವಾರ ಮಾವ ಬಂದ. ಕಟ್ಟೆಯ ಮೇಲೆ ಕೈ ಆಡಿಸುತ್ತ, ನನ್ನ ಮುಖ ನೋಡದೆ ಹೇಳಿದ: "ದಾರ ಅದಲಿಬದಲಿ ಆಗೈತಿ ಅಳಿಯಾ. ಅದ ವಾರ ಹಗರಿಬೊಮ್ಮನಹಳ್ಳ್ಯಾಗ ಒಂದು ಮನಿ ಕೆಲಸ ಹಿಡಿದಿದ್ದೆ. ಆ ಹೆಣ್ಮಗಳ ದಾರ ಇಲ್ಲಿಗೆ ಬಂತು, ಅಕ್ಕನ ದಾರ ಎಲ್ಲೆ ಹೋತೋ. ಕಳೀತು ಅಂತ ಕಾಣತೈತಿ."

"ಕಲ್ಲು ಯಾಕ ಎಡಕ್ಕ?"

"ನೀರಿನ ಪೈಪು ಆ ಕಡಿ ಬಂತಲ್ಲ. ಅದಕ್ಕ ಕಲ್ಲು ಈ ಕಡಿ ಬಂತು."

"ಕಿತ್ತು ಕೂಡಿಸು ಮಾವ."

"ಗ್ರಾನೈಟ್ ಕೀಳಾಕ ಹೋದ್ರ ಸೀಳತೈತಿ. ಸೀಳಿದ್ದು ಕೂಡಂಗಿಲ್ಲ. ಒಂದು ಮಣಿ ಹಾಕ್ಕೊಂಡು ಅದರ ಮ್ಯಾಲ ನಿಂತ್ರಾತು."

ಜಗಲಿಯಿಂದ ಅಪ್ಪ ದನಿಗೂಡಿಸಿದ: "ದೊಡ್ಡ ಸಾಹೇಬನಂಗ ಮಾಡಬ್ಯಾಡಲೇ. ಒಂದು ಗೇಣು ಕಲ್ಲಿಗೆ ಎಷ್ಟು ರಂಪ ಮಾಡ್ತಿ!"

ಅವ್ವ ತಮ್ಮನಿಗೆ ಚಹಾ ಕೊಟ್ಟು ಒಳಗೆ ಹೋದಳು. ಮಾವ ಹೋದ ಮೇಲೆ ಊಟಕ್ಕೆ ಕೂರುವ ಮಣೆಯೊಂದನ್ನು ತಂದು ಕಟ್ಟೆಯ ಮುಂದೆ ಇಟ್ಟುಕೊಂಡಳು. ಮೊಣಕಾಲು ನೋಯುವವಳು ದಿನಕ್ಕೆ ಎಷ್ಟೋ ಸಲ ಆ ಮಣೆ ಹತ್ತಿ ಇಳಿಯಬೇಕಾಗಿತ್ತು. ಒಂದು ದಿನ ಬೇಳೆ ಉಕ್ಕಿತೆಂದು ಅವಸರದಲ್ಲಿ ತಿರುಗಿ ಮಣೆ ಜಾರಿ ಗೋಡೆಗೆ ಬಿದ್ದಳು. ಗೋಡೆಗೆ ಕೈ ಊರಿ ಏಳುವುದು ತಪ್ಪಲಿ ಎಂದು ಮಾಡಿಸಿದ ಕಟ್ಟೆ ಅದು.

ಮಾವನ ಮಾತನ್ನು ನಾನು ನಂಬಿದ್ದೆ. ನಂಬಿದ್ದರಿಂದಲೇ ಒಂದು ಲೆಕ್ಕ ಹಾಕಿದೆ. ದಾರ ಅದಲುಬದಲಾಗಿದ್ದರೆ, ಹಗರಿಬೊಮ್ಮನಹಳ್ಳಿಯಲ್ಲಿ ಯಾರೋ ಒಬ್ಬ ಎತ್ತರದ ಹೆಂಗಸು ನನ್ನ ಅವ್ವನ ಅಳತೆಯ ಕಟ್ಟೆಯ ಮುಂದೆ ಸೊಂಟ ಬಗ್ಗಿಸಿ ಒದ್ದಾಡುತ್ತಿರಬೇಕು. ಅವರೂ ನಾವೂ ಸೇರಿ ಕೇಳಿದರೆ ಮಾವ ಎರಡನ್ನೂ ಸರಿ ಮಾಡಿಕೊಡಲೇಬೇಕಾಗುತ್ತದೆ. ಅಂಗಡಿಗೆ ರಜೆ ಹಾಕಿದೆ. "ಹಗರಿಬೊಮ್ಮನಹಳ್ಳಿಗೆ ಹೋಗಿ ಬರ್ತೀನಿ, ಆ ಮನಿ ಹುಡುಕ್ತೀನಿ," ಎಂದು ಅವ್ವನಿಗೆ ಹೇಳಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೇಲೆ, "ಬಿಸಿಲೈತಿ, ಟವೆಲ್ ತಗೊಂಡು ಹೋಗು," ಎಂದಳು.

ಆ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ರೊಟ್ಟಿ ಕಲ್ಲಿನ ಕಟ್ಟೆ ಹೊಸದಾಗಿ ಮಾಡಿಸಿದವರು ಯಾರು ಎಂದು ಕೇಳಿದೆ, ಎರಡನೆಯ ಅಂಗಡಿಯವನೇ ಮನೆ ತೋರಿಸಿದ. ಬಾಗಿಲು ತೆರೆದ ಹೆಂಗಸನ್ನು ನೋಡಿಯೇ ನನ್ನ ಲೆಕ್ಕ ತಪ್ಪಿತು. ಆಕೆ ಅವ್ವನಿಗಿಂತಲೂ ಕುಳ್ಳಗಿದ್ದರು.

ಮಾವನ ಕಡೆಯವನು ಎಂದು ಹೇಳಿಕೊಂಡೆ. ಕಟ್ಟೆಗೆ ಏನಾದರೂ ತೊಂದರೆ ಇದೆಯೇ ಎಂದು ಕೇಳಿದೆ.

"ಏನು ತೊಂದ್ರಿ ತಮ್ಮಾ? ಬಂಗಾರದಂಥ ಕಟ್ಟಿ. ಬರ್ರಿ, ಒಳಗ ಬಂದು ನೋಡ್ರಿ. ನನ್ನ ಕೈ ನೋಡಿಯೇ ಮಾಡ್ಯಾರ." ಕಟ್ಟೆಯ ಮುಂದೆ ನಿಂತು, ಹಿಟ್ಟಿಲ್ಲದ ಕಲ್ಲನ್ನು ಎರಡು ಸಲ ಬಡಿದು ತೋರಿಸಿದರು. ಮೊಣಕೈ ಸಡಿಲವಾಗಿತ್ತು, ಭುಜ ಕೆಳಗಿತ್ತು. ಕಲ್ಲು ಒಲೆಯ ಬಲಕ್ಕೆ ಇತ್ತು.

"ಯಾಕ ತಮ್ಮಾ, ಮಾರಿ ಹಿಂಗ್ಯಾಕ ಆತು? ಬೆಲ್ಲ ಕೊಡ್ಲಾ? ಬಿಸಿಲು ಹತ್ತಿರಬೇಕು."

ಅವರು ಕೊಟ್ಟ ಬೆಲ್ಲ ತಿಂದು ನೀರು ಕುಡಿದೆ. ಅದಲುಬದಲಾಗಿಲ್ಲ. ಈಕೆಯ ದಾರ ನಮ್ಮ ಮನೆಗೆ ಬಂದಿದ್ದರೆ ನಮ್ಮ ಕಟ್ಟೆ ತಗ್ಗಾಗಬೇಕಿತ್ತೇ ಹೊರತು ಎತ್ತರವಾಗುತ್ತಿರಲಿಲ್ಲ. ಮಾವ ಸುಳ್ಳು ಹೇಳಿದ್ದ. ತನ್ನ ಕೆಲಸ ಕೆಟ್ಟದ್ದಕ್ಕೆ ನಾಚಿ ಹೇಳಿದ ಸುಳ್ಳು ಇರಬಹುದು ಎಂದು ಆಗಲೂ ಅಂದುಕೊಂಡೆ. ಆದರೆ ಕೂಡು ಕಾಣದ ಹಾಗೆ ಕಲ್ಲು ಕೂಡಿಸಿದವನು, ಒಂದು ಹನಿ ನೀರು ನಿಲ್ಲದ ಹಾಗೆ ವಾಟ ಕೊಟ್ಟವನು, ಎತ್ತರದಲ್ಲಿ ನಾಲ್ಕು ಬೆರಳು ತಪ್ಪುವುದು ಹೇಗೆ? ಕೊಟ್ಟೂರಿನ ಬಸ್ಸು ಮುಂದೆಯೇ ನಿಂತಿತ್ತು. ನಾನು ಹರಪನಹಳ್ಳಿಯ ಬಸ್ಸು ಹತ್ತಿದೆ.

ಮಾವ ಮನೆಯಲ್ಲಿರಲಿಲ್ಲ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನನ್ನ ದನಿ ಕೇಳಿ ಮಾವನ ಮಗಳು ಒಳಗಿಂದಲೇ ಕೂಗಿದಳು. "ಬಾವ ಬಂದ್ಯಾ? ಬಾ ಬಾ, ಬಿಸಿ ರೊಟ್ಟಿ ತಿನ್ನುವಂತಿ. ಒಂದು ಫೋನಾದ್ರೂ ಮಾಡಬಾರದಾ, ಬದನಿಕಾಯಿ ತರಿಸ್ತಿದ್ದೆ."

ಅವಳು ತಂದೆಯಂತೆ ಎತ್ತರ. ಕಟ್ಟೆಯ ಮುಂದೆ ನೆಟ್ಟಗೆ ನಿಂತು ರೊಟ್ಟಿ ಬಡಿಯುತ್ತಿದ್ದಳು. ಎಡಗೈಯಲ್ಲಿ. ಅವಳದು ಎಡಗೈ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು, ಗೋಲಿ ಆಡುವಾಗ ಅದಕ್ಕಾಗಿ ಕಾಡಿಸುತ್ತಲೂ ಇದ್ದೆ. ಆದರೆ ಎಡಗೈಯವಳಿಗೆ ಎಂಥ ಕಟ್ಟೆ ಬೇಕಾಗುತ್ತದೆ ಎಂದು ಎಂದೂ ಯೋಚಿಸಿರಲಿಲ್ಲ. ರೊಟ್ಟಿ ಕಲ್ಲು ಅವಳ ಎಡಕ್ಕೆ, ಹಂಚು ಬಲಕ್ಕೆ. ಎಡ ಮೊಣಕೈ ಹಂಚಿನಿಂದ ದೂರ ಖಾಲಿ ಜಾಗದಲ್ಲಿ ಏಳುತ್ತಿತ್ತು, ಇಳಿಯುತ್ತಿತ್ತು. ನಾನು ಹತ್ತಿರ ಹೋಗಿ ಕಟ್ಟೆಗೆ ಸೊಂಟ ತಾಕಿಸಿ ನಿಂತೆ. ನಮ್ಮ ಮನೆಯ ಕಟ್ಟೆ ನನಗೆ ಎಲ್ಲಿಗೆ ಬರುತ್ತಿತ್ತೋ ಇದೂ ಅಲ್ಲಿಗೇ ಬಂತು.

"ಏನು ನೋಡ್ತಿ? ನಿಮ್ಮನಿದೂ ಇದ ಅಳತಿ ಅಂತಲ್ಲ," ಎಂದಳು. ನಾಚಿ ನಕ್ಕಳು. "ಅಪ್ಪ ಹೇಳಿದ. ನೀನ ಅಂದ್ಯಂತ, 'ಆಕಿ ಎಡಗೈಯಾಕಿ, ನಮ್ಮನಿಗೆ ಬಂದ ಮ್ಯಾಲ ತ್ರಾಸಾಗಬಾರದು, ಆಕಿ ಅಳತಿಗೇ ಮಾಡು ಮಾವ' ಅಂತ. ನಾ ನಂಬಲಿಲ್ಲ ನೋಡು. ಗೋಲಿ ಆಡುವಾಗ ಎಷ್ಟು ಕಾಡಿಸಿದಿ!"

ಅವಳು ನನ್ನ ಮುಖ ನೋಡಿದಳು. ನಗು ಸ್ವಲ್ಪ ಸ್ವಲ್ಪವಾಗಿ ಹೋಯಿತು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

"ನೀ ಅಂದಿಲ್ಲ?"

"ಇಲ್ಲ."

"ನಿನಗ ಗೊತ್ತಽ ಇದ್ದಿಲ್ಲ?"

"ಎರಡು ವರ್ಷದ ಹಿಂದ ಅವ್ವಗ ಹೇಳಿದ್ದೆ. ನಿನ್ನ ತಂಗಿ ಹಂಗ ನೋಡೀನಿ, ಬ್ಯಾಡ ಅಂತ. ಮಾವಗ ಹೇಳ್ತೀನಿ ಅಂದಿದ್ದಳು."

ಅವಳು ಗ್ಯಾಸ್ ಆರಿಸಿದಳು. ಸೀದ ರೊಟ್ಟಿಯನ್ನು ಕೈಯಿಂದಲೇ ತೆಗೆದು ಬದಿಗಿಟ್ಟಳು, ಬೆರಳು ಸುಟ್ಟದ್ದೂ ಗೊತ್ತಾಗಲಿಲ್ಲವೇನೋ. "ನಿಮ್ಮ ಕಡಿಂದ ಏನೂ ಮಾತು ಬರಲಿಲ್ಲ. ಹೋದ ವರ್ಷ ಕೂಡ್ಲಿಗಿಯಿಂದ ನನ್ನ ನೋಡಾಕ ಬಂದಿದ್ರು," ಎಂದಳು. "ಎಡಗೈಲೆ ಬಡಿದ ರೊಟ್ಟಿ ಸ್ವಾಮಿಗಳ ಎಡಿಗೆ ಹೆಂಗ ಹಾಕಾದು ಅಂದು ಎದ್ದು ಹೋದ್ರು. ಅಪ್ಪ ಮೂರು ದಿನ ಅಂಗಡಿ ತೆಗೀಲಿಲ್ಲ. ಆಮ್ಯಾಲ ಒಂದು ದಿನ ನಗ್ತಾ ಬಂದ, ನಿನಗೊಂದು ಮನಿ ಮಾಡೀನಿ ನೋಡವಾ ಅಂತ." ಕೈಯ ಹಿಟ್ಟು ಕೊಡವಿಕೊಂಡು, "ಅಪ್ಪ ಬರೋ ಹೊತ್ತಾತು. ನೀ ಹೋಗು ಬಾವ," ಎಂದಳು.

ದಾರಿಯುದ್ದಕ್ಕೂ ನಾನು ಎಣಿಸುತ್ತಿದ್ದದ್ದು ಯಾರಿಗೆ ಯಾವಾಗಿನಿಂದ ಗೊತ್ತಿತ್ತು ಎಂಬುದನ್ನು. ಮಾವನಿಗೆ ಮೊದಲಿನಿಂದ. ಮನೆಯಲ್ಲಿದ್ದು ಕೆಲಸ ನೋಡಿಕೊಂಡ ಅಪ್ಪನಿಗೆ, ಗೌಂಡಿಗಳು ಇಟ್ಟಿಗೆ ಇಡುವ ಮೊದಲೇ ಗೊತ್ತಿದ್ದಿರಬೇಕು. ಈ ಹುಡುಗಿಗೆ ಗೊತ್ತಿತ್ತು, ಅದೂ ಸುಳ್ಳು ಬೆರೆಸಿ. ಗೊತ್ತಿಲ್ಲದವರು ನಾನು ಮತ್ತು ಅವ್ವ ಎಂದುಕೊಂಡು ಅವ್ವನ ಮೇಲೆ ಮರುಕ ಪಡುತ್ತ ಮನೆ ಸೇರಿದೆ.

ಅಪ್ಪ ಜಗಲಿಯ ಮೇಲಿದ್ದ. ನಾನು ಕೇಳಿದ್ದಕ್ಕೆ ಅವನು ಮುಚ್ಚಿಡಲು ಕೂಡ ಹೋಗಲಿಲ್ಲ. "ಹೌದು. ನಾನ ಹೂಂ ಅಂದೆ. ಮನಿ ಹುಡುಗಿ, ನೋಡಿದ ಹುಡುಗಿ. ನಿನ್ನ ಕೇಳಾದೇನೈತಿ? ಹೆಂಗೂ ಒಪ್ತಿದ್ದಿ."

"ಅವ್ವನ ಕಟ್ಟಿ ಯಾಕ ಕೆಡಿಸಿದ್ರಿ?"

"ನಿಮ್ಮವ್ವ ಇನ್ನೆಷ್ಟು ವರ್ಷ ರೊಟ್ಟಿ ಬಡಿತಾಳ? ಎರಡೆರಡು ಸಲ ಕಟ್ಟಿ ಕಟ್ಟಸಾದೇನು?"

ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಆಗಲೇ ನನಗೆ ಹೊಳೆದದ್ದು.

"ಅವ್ವಾ, ನಿನಗ ಗೊತ್ತಿತ್ತೇನು?"

"ಹಡಗಲಿಯಿಂದ ಬಂದು ಕಲ್ಲು ಎಡಕ್ಕ ಇದ್ದದ್ದು ನೋಡಿದ ಕೂಡ್ಲೆ ಗೊತ್ತಾತು. ಎಡಗೈಯಾಕಿ ನಮ್ಮ ಪೈಕಿ ಒಬ್ಬಾಕಿ ಅದಾಳ."

"ಮತ್ತ ಮಾವಗ ಹೇಳ್ತೀನಿ ಅಂದಿದ್ದಿ? ಎರಡು ವರ್ಷ?"

"ಹೇಳಬೇಕಂತ ಎಷ್ಟು ಸಲ ಹೋಗೀನಿ. ಆ ಕೂಸಿನ ಮಾರಿ ನೋಡಿದ್ರ ಬಾಯಿ ಬರಲಿಲ್ಲ."

"ನಾ ಬಿಸಿಲಾಗ ಹಗರಿಬೊಮ್ಮನಹಳ್ಳಿಗೆ ಹೋಗ್ತೀನಿ ಅಂದಾಗಾದ್ರೂ ಹೇಳಬಾರದಾ? ಟವೆಲ್ ತಗೊಂಡು ಹೋಗು ಅಂದ್ಯಲ್ಲ!"

ಕಟ್ಟೆ ಎತ್ತರವಾದದ್ದನ್ನು, ಮಾವ ಸುಳ್ಳು ಹೇಳಿದ್ದನ್ನು, ಅಪ್ಪ ನನ್ನನ್ನು ಕೇಳದೆ ಹೂಂ ಎಂದದ್ದನ್ನು ಎಲ್ಲ ನಾನು ಹೇಗೋ ನುಂಗಿಕೊಂಡೇನು. ಅವಳಿಗಾಗಿ ನಾನು ಎಲ್ಲರ ಮೇಲೆ ಹರಿಹಾಯುತ್ತಿದ್ದಾಗ ಅವಳು ಎಲ್ಲವನ್ನೂ ತಿಳಿದು ಸುಮ್ಮನಿದ್ದಳಲ್ಲ, ಅದನ್ನು ಮಾತ್ರ ಈಗಲೂ ನುಂಗಿಕೊಳ್ಳಲಾಗಿಲ್ಲ. ಅವಳು ನನಗಲ್ಲ ಎಂಬಂತೆ, ಮಣೆಯ ಕಡೆ ನೋಡುತ್ತ ಹೇಳಿದಳು:

"ನನ್ನ ತಮ್ಮ ಒಂದು ಮಾತು ನನ್ನ ಕೇಳಿದ್ರ, ಆಕಿ ಅಳತಿಗೇ ಮಾಡಪ್ಪಾ ಅಂತಿದ್ದೆ. ನೆಲದ ಮ್ಯಾಲ ಕೂತು ಮಾಡ್ಕೋತಿದ್ದೆ. ಕೇಳಲಿಲ್ಲ. ನನ್ನ ಕೈಯಾಗ ದಾರ ಕೊಟ್ಟು ಅಳತಿ ತಗೊಂಡ ಹಂಗ ಮಾಡಿದ."

ಮದುವೆ ಆಗುವುದಿಲ್ಲ ಎಂದು ನಾನೇ ಮಾವನಿಗೆ ಫೋನ್ ಮಾಡಿ ಹೇಳಿದೆ. ಕಟ್ಟೆಯ ಮಾತು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅಪ್ಪ ನನ್ನೊಡನೆ ಮಾತು ಬಿಟ್ಟ. ಅವ್ವ ಮಣೆ ಹತ್ತಿ ಇಳಿಯುತ್ತ ದಿನ ಕಳೆದಳು. ಮೊಣಕೈಗೆ ಹಳೆಯ ಸೀರೆಯ ಚೂರೊಂದನ್ನು ಸುತ್ತಿಕೊಳ್ಳುತ್ತಿದ್ದಳು.

ಶ್ರಾವಣ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಹೋಗಲು ಅಣ್ಣತಮ್ಮಂದಿರು ಬರುತ್ತಾರೆ. ಮದುವೆಯಾದಾಗಿನಿಂದ ಅವ್ವನನ್ನು ಕರೆಯಲು ಬರುತ್ತಿದ್ದವನು ಮಾವನೇ. ಮೀಸೆ ಬರುವ ಮೊದಲೇ ಸೈಕಲ್ ತುಳಿದುಕೊಂಡು ಬಂದಿದ್ದನಂತೆ. ಆ ವರ್ಷ ಬರುತ್ತಾನೋ ಇಲ್ಲವೋ ಎಂದು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಅವ್ವ ಶೇಂಗಾ ಉಂಡಿ, ಎಳ್ಳಿನ ಉಂಡಿ ಕಟ್ಟಿದಳು. ಒಂದು ಸೀರೆ, ಎರಡು ಕುಪ್ಪಸ ಮಡಿಚಿ ವೈರ್ ಬುಟ್ಟಿಯಲ್ಲಿ ಇಟ್ಟುಕೊಂಡಳು. ಬುಟ್ಟಿಯನ್ನು ಬಾಗಿಲ ಹಿಂದೆ, ಹೊರಗಿನಿಂದ ಬಂದವರಿಗೆ ಕಾಣದ ಹಾಗೆ ಇಟ್ಟಳು.

ಹಬ್ಬಕ್ಕೆ ಎರಡು ದಿನ ಇರುವಾಗ ಮಾವ ಬಂದ. ಹೊರಗೆ ಟೆಂಪೊ ನಿಂತ ಸದ್ದಿಗೆ ಅವ್ವ ಸೆರಗು ಸರಿ ಮಾಡಿಕೊಂಡು ಬಾಗಿಲಿಗೆ ಹೋದಳು. ಅವನ ಹಿಂದೆ ಅದೇ ಇಬ್ಬರು ಗೌಂಡಿಗಳು ಸಿಮೆಂಟಿನ ಚೀಲ, ಉಳಿ, ಸುತ್ತಿಗೆ ಇಳಿಸುತ್ತಿದ್ದರು.

"ಒಳಗಿನ ಸಾಮಾನು ತೆಗೀರಿ," ಎಂದ ಮಾವ, ಯಾರಿಗೆ ಎಂದಿಲ್ಲದೆ.

ಸಂಜೆಯವರೆಗೆ ಕೆಲಸ ನಡೆಯಿತು. ಕಿತ್ತರೆ ಸೀಳುತ್ತದೆ ಎಂದಿದ್ದ ಗ್ರಾನೈಟನ್ನು ಮೂವರೂ ಸೇರಿ ಒಂದು ಗೀರೂ ಬೀಳದಂತೆ ಎತ್ತಿ ಗೋಡೆಗೆ ಆನಿಸಿದರು. ಒಲೆಯ ಕಲ್ಲು ಎಡಕ್ಕೆ ಹೋಯಿತು, ರೊಟ್ಟಿ ಕಲ್ಲು ಬಲಕ್ಕೆ ಬಂತು. ಪೈಪು ಇದ್ದಲ್ಲೇ ಇತ್ತು. ಕೆಳಗಿನ ಕಂಬಗಳನ್ನು ಎಷ್ಟು ತಗ್ಗಿಸಬೇಕು ಎಂದು ಗೌಂಡಿ ಕೇಳಿದಾಗ ಅವ್ವ ಮುಂದೆ ಬಂದು, ಅಳತೆ ಕೊಡಲೆಂದು ಎರಡೂ ಕೈ ಚಾಚಿ ನಿಂತಳು.

ಮಾವ ಅವಳ ಕಡೆ ನೋಡಲಿಲ್ಲ. ಚಂಚಿ ಬಿಚ್ಚಿ, ಅಡಿಕೆಯ ಕೆಳಗಿನಿಂದ ಒಂದು ದಾರ ತೆಗೆದ. ಒಂದು ತುದಿಯಲ್ಲಿ ಗಂಟು, ಇನ್ನೊಂದು ತುದಿ ಮಾಸಿದ ಹಳದಿ.

ಅವ್ವ ಚಾಚಿದ ಕೈಗಳನ್ನು ನಿಧಾನವಾಗಿ ಇಳಿಸಿದಳು.

"ಕಳೆದೈತಿ ಅಂದಿದ್ದಿ," ಎಂದಳು.

ಮಾವ ಗೌಂಡಿಗೆ ದಾರ ಹಿಡಿಯಲು ಹೇಳಿ ಗೋಡೆಯ ಮೇಲೆ ಗುರುತು ಹಾಕಿದ.

ಕೆಲಸ ಮುಗಿದ ಮೇಲೆ ಅವನು ಕೈ ತೊಳೆದುಕೊಂಡ. ನಾಳೆಯವರೆಗೆ ಮೇಲೆ ಭಾರ ಹಾಕಬೇಡಿ ಎಂದ. ಅವ್ವ ತಟ್ಟೆಯಲ್ಲಿ ಉಂಡಿ ತಂದಳು. ಗೌಂಡಿಗಳು ತೆಗೆದುಕೊಂಡರು. ಅವನು ಬಾಯಿಗೆ ಎಲೆ ಹಾಕಿಕೊಂಡಿದ್ದೇನೆ ಎಂದು ತೋರಿಸಿದ.

"ಪಂಚಮಿಗೆ..." ಎಂದಳು ಅವ್ವ.

"ಈ ಸಲ ಮನ್ಯಾಗ ಏನೂ ಇಟ್ಕೊಂಡಿಲ್ಲಕ್ಕ. ಮಗಳಿಗೆ ಮನಸ್ಸಿಲ್ಲ." ಚಪ್ಪಲಿ ಮೆಟ್ಟುವಾಗ ಅವನು ನನ್ನ ಕಡೆ ಒಮ್ಮೆ ನೋಡಿದ, ಗುರುತಿಲ್ಲದವರನ್ನು ನೋಡುವ ಹಾಗೆ. ಟೆಂಪೊ ಹೋಯಿತು. ದಾರ ಕಟ್ಟೆಯ ಮೇಲೆಯೇ ಉಳಿದಿತ್ತು.

ಮರುದಿನ ಅವ್ವ ಆ ಕಟ್ಟೆಯಲ್ಲಿ ಮೊದಲ ಸಲ ರೊಟ್ಟಿ ಮಾಡಿದಳು. ಮಣೆ ಬೇಕಾಗಲಿಲ್ಲ. ಹಿಮ್ಮಡಿ ನೆಲದ ಮೇಲಿತ್ತು, ಮೊಣಕೈ ಹಂಚಿನಿಂದ ದೂರ ಇತ್ತು. ರೊಟ್ಟಿ ಒಂದೂ ಹರಿಯಲಿಲ್ಲ. ನಾನು ಅದನ್ನು ಬರೆದುಕೊಂಡೆ. ನನಗೆ ಬೇಕಾಗಿದ್ದುದು ಅಷ್ಟೇ ಆಗಿತ್ತು, ಯುಗಾದಿಯಿಂದ.

ಹಂಚು ಇಡುವ ಮೊದಲು ಅವಳು ಒಂದು ಕೆಲಸ ಮಾಡಿದ್ದಳು. ಬಾಗಿಲ ಹಿಂದಿನ ಬುಟ್ಟಿಯಿಂದ ಸೀರೆ, ಕುಪ್ಪಸ ತೆಗೆದು ಟ್ರಂಕಿಗೆ ಹಾಕಿದಳು. ಕಟ್ಟೆಯ ಮೇಲಿದ್ದ ದಾರವನ್ನು ಬೆರಳಿಗೆ ಸುತ್ತಿ, ಅದನ್ನೂ ಸೀರೆಯ ಮಡಿಕೆಯೊಳಗೆ ಇಟ್ಟು, ಮುಚ್ಚಳ ಹಾಕಿ ಬಂದಳು.